ವೈದ್ಯ ವಿದ್ಯಾರ್ಥಿಗಳಿಗೆ ರೋಗಿಯ ನೋವನ್ನು ಅರಿಯಲು ಕಲಿಸುವ ಬಗೆ

ರೋಗಿಯ ಬಗೆಗಿನ ಸಹಾನುಭೂತಿಯನ್ನು ಉಪನ್ಯಾಸದಿಂದಷ್ಟೇ ಕಲಿಸಲಾಗದು. ಎದೆಬಡಿತವನ್ನು ಆಲಿಸಲು ಕಲಿಸುವ ಹಾಗೆಯೇ ಇದನ್ನೂ ರೋಗಿಯ ಹಾಸಿಗೆಯ ಬಳಿ, ಅಧ್ಯಾಪಕರ ಕಣ್ಣೆದುರಿನಲ್ಲಿ, ಮತ್ತೆ ಮತ್ತೆ ಮಾಡಿಸಿ ರೂಢಿಗೆ ತರಬೇಕು.

ಕೇಳಿಸಿಕೊಳ್ಳುವುದರಿಂದ ಆರಂಭಿಸಿ. ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಅಮೆರಿಕದ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳು ತಮ್ಮ ತೊಂದರೆ ಹೇಳತೊಡಗಿ ಸರಾಸರಿ 18 ಸೆಕೆಂಡು ಕಳೆಯುವಷ್ಟರಲ್ಲಿ ವೈದ್ಯರು ನಡುವೆ ಬಾಯಿ ಹಾಕಿದ್ದು ಕಂಡುಬಂದಿತ್ತು. ಆದ್ದರಿಂದ ಮೊದಲ ಎರಡು ನಿಮಿಷ ಪೆನ್ನು ಮುಟ್ಟದೆ, ಪ್ರಶ್ನೆ ಕೇಳದೆ, ರೋಗಿಯ ಮುಖ ನೋಡುತ್ತ ಕುಳಿತಿರಲು ವಿದ್ಯಾರ್ಥಿಗೆ ಹೇಳಿ. ಎದೆನೋವಿನಿಂದ ಬಂದವರೊಬ್ಬರು ‘ನಮ್ಮಣ್ಣನೂ ಹೀಗೇ ಎದೆನೋವು ಅಂತ ಹೋಗಿಬಿಟ್ಟ’ ಎಂದಾಗ, ವಿದ್ಯಾರ್ಥಿ ತಟ್ಟನೆ ‘ಅವರಿಗೆ ಆಗ ಎಷ್ಟು ವಯಸ್ಸು?’ ಎನ್ನುತ್ತಾನೆ. ಆ ಪ್ರಶ್ನೆ ಬೇಕಾದದ್ದೇ. ಆದರೆ ಅದಕ್ಕೂ ಮೊದಲು ‘ನಿಮಗೂ ಹಾಗಾದೀತು ಎಂಬ ಭಯ ಇದೆಯೇ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುವುದನ್ನು ಕಲಿಸಬೇಕು. ಈ ಸುಮ್ಮನಿರುವಿಕೆಯೇ ವಿದ್ಯಾರ್ಥಿಗಳಿಗೆ ಅತ್ಯಂತ ಕಷ್ಟದ ಪಾಠ.

ಇದರ ಅಭ್ಯಾಸಕ್ಕೆ, ಅಮೆರಿಕದ ವೈದ್ಯ ಹೋವರ್ಡ್ ಬ್ಯಾರೋಸ್ 1963ರಲ್ಲಿ ಬಳಕೆಗೆ ತಂದ, ತರಬೇತಿ ಪಡೆದವರು ರೋಗಿಯಾಗಿ ನಟಿಸುವ ವಿಧಾನ ಅನುಕೂಲಕರ. ಸಂದರ್ಶನ ಮುಗಿದೊಡನೆ ಮೊದಲು ವಿದ್ಯಾರ್ಥಿಯೂ, ಬಳಿಕ ನಟಿಸಿದವರೂ ತಮಗೆ ಅನಿಸಿದ್ದನ್ನು ಹೇಳಲಿ. ಅಧ್ಯಾಪಕರ ಮಾತು ಕೊನೆಗಿರಲಿ.

ಹೆಚ್ಚಿನ ಎಚ್ಚರ ಬೇಕಾದದ್ದು ವಾರ್ಡಿನ ಕೆಲಸ ಆರಂಭವಾದಾಗ. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಗಳೊಂದಿಗಿನ ಒಡನಾಟ ಹೆಚ್ಚುವ ಮೂರನೆಯ ವರ್ಷದಲ್ಲೇ ಸಹಾನುಭೂತಿಯ ಅಂಕಗಳು ಇಳಿದಿದ್ದವು. ನಿದ್ರೆಗೇಡು, ಕೆಲಸದ ಒತ್ತಡ, ಹಿರಿಯರ ಒರಟುತನ ಇವೆಲ್ಲ ಮನಸ್ಸನ್ನು ಮರಗಟ್ಟಿಸುತ್ತವೆ. ರೌಂಡ್ಸ್‌ನಲ್ಲಿ ಅಧ್ಯಾಪಕರೇ ರೋಗಿಯನ್ನು ‘ಹನ್ನೆರಡನೇ ಬೆಡ್ಡಿನ ಲಿವರ್’ ಎನ್ನುತ್ತಿದ್ದರೆ ತರಗತಿಯಲ್ಲಿ ಹೇಳಿದ್ದೆಲ್ಲ ವ್ಯರ್ಥ. ರೋಗಿಯನ್ನು ಹೆಸರಿನಿಂದ ಮಾತನಾಡಿಸಿ, ಪರದೆ ಎಳೆದು, ಅನುಮತಿ ಕೇಳಿಯೇ ಮುಟ್ಟಿ. ವಾರ್ಡಿನಲ್ಲಿ ಸಾವು ಸಂಭವಿಸಿದ ದಿನ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಸ್ವಲ್ಪ ಹೊತ್ತು ಮಾತನಾಡಿ.

ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರಾನ್ ರೂಪಿಸಿದ ಕ್ರಮದಂತೆ, ಆಸ್ಪತ್ರೆಯ ದಾಖಲೆಯಲ್ಲಿ ಬರೆಯಲಾಗದ ಸಂಗತಿಗಳನ್ನು, ಅಂದರೆ ರೋಗಿಯ ಅಳಲನ್ನೂ ತಮ್ಮ ತಳಮಳವನ್ನೂ, ವಿದ್ಯಾರ್ಥಿಗಳು ಆಡುಮಾತಿನಲ್ಲಿ ಬರೆದು ಸಣ್ಣ ಗುಂಪಿನಲ್ಲಿ ಓದಲಿ. ಈ ಬರಹಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಅಧ್ಯಾಪಕರಿಗೆ ಹಿಡಿಸುವಂತೆ ಬರೆಯತೊಡಗುತ್ತಾರೆ. ಆದರೆ ಪರೀಕ್ಷೆಯಲ್ಲಿ ಬಾರದ ವಿಷಯವನ್ನು ವಿದ್ಯಾರ್ಥಿಗಳು ಬೇಗ ಕೈಬಿಡುವುದರಿಂದ, ರೋಗಿಯನ್ನು ಪರೀಕ್ಷಿಸಿ ವಿವರಿಸಬೇಕಾದ ಕೇಸ್ ಪರೀಕ್ಷೆಯಲ್ಲಿ ರೋಗನಿರ್ಣಯದ ಜೊತೆಗೆ ‘ಈ ರೋಗಿಯನ್ನು ಹೆಚ್ಚು ಕಾಡುತ್ತಿರುವ ಚಿಂತೆ ಯಾವುದು?’ ಎಂಬ ಪ್ರಶ್ನೆಯನ್ನೂ ತಪ್ಪದೆ ಕೇಳಿ.