‘ಏಷ್ಯನ್ನರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯ ಕಡಿಮೆ’ ಅಂತ ಓದಿದಾಗ ಏನೇನು ನೋಡಬೇಕು?

ನನ್ನ ಭಾವ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾರೆ. ಚಿಕ್ಕಪ್ಪನ ಮಗ ನ್ಯೂಜೆರ್ಸಿಯಲ್ಲಿ. ಇಬ್ಬರೂ ಪುತ್ತೂರಿನವರು, ಐವತ್ತು ದಾಟಿದವರು. ಆಸ್ಪತ್ರೆ ಫಾರ್ಮಿನಲ್ಲಿ ಇಬ್ಬರೂ ‘ಏಷ್ಯನ್’. ಆರೋಗ್ಯದ ಅಂಕಿಅಂಶ ನೋಡುವುದೇ ನನ್ನ ಕೆಲಸ ಆದ್ದರಿಂದ ಇಂಥ ಸುದ್ದಿ ಕಂಡಾಗಲೆಲ್ಲ ನನಗೆ ಕಳಿಸುತ್ತಾರೆ: “ನಮಗೆ ರಿಸ್ಕ್ ಕಡಿಮೆ ಅಂತೆ, ಹೌದಾ?”

ಮೊದಲು ಆ ಗುಂಪಿನಲ್ಲಿ ಯಾರ್ಯಾರಿದ್ದಾರೆ ನೋಡಿ. ಇಂಗ್ಲೆಂಡಿನ ದಾಖಲೆಗಳಿಂದ 2015ರಲ್ಲಿ ಒಂದು ಲೆಕ್ಕ ಬಂತು. ಜೀವಮಾನದಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಪತ್ತೆಯಾಗುವುದು ಕಪ್ಪು ಗಂಡಸರಲ್ಲಿ 4ಕ್ಕೆ ಒಬ್ಬರಿಗೆ, ಬಿಳಿಯರಲ್ಲಿ 8ಕ್ಕೆ ಒಬ್ಬರಿಗೆ, ಏಷ್ಯನ್ನರಲ್ಲಿ 13ಕ್ಕೆ ಒಬ್ಬರಿಗೆ. ಅಲ್ಲಿ ಏಷ್ಯನ್ ಅಂದರೆ ಹೆಚ್ಚಾಗಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರು. ಅಮೆರಿಕದಲ್ಲಿ ಅದೇ ಖಾನೆಯಲ್ಲಿ ಚೀನಾ, ಫಿಲಿಪೀನ್ಸ್, ಜಪಾನ್, ಕೊರಿಯಾ ಮೂಲದವರೂ ನಮ್ಮ ಜೊತೆ ಇರುತ್ತಾರೆ. 1997ರವರೆಗಿನ ಸರ್ಕಾರಿ ನಿಯಮದಲ್ಲಿ ಹವಾಯಿಯ ಮೂಲನಿವಾಸಿಗಳೂ ಅದರಲ್ಲೇ ಇದ್ದರು. ಹಾಗಾಗಿ ಭಾವನ ದೇಶದ ಅಂಕಿಯನ್ನು ತಮ್ಮನಿಗೆ ಹಾಗೇ ಹೇಳೋಕಾಗಲ್ಲ. ‘ಕಪ್ಪು’ ಅನ್ನುವ ಖಾನೆಯೂ ಹೀಗೇ. ಜಮೈಕಾದಿಂದ ಬಂದವರು, ನೈಜೀರಿಯಾದವರು, ತಲೆತಲಾಂತರದಿಂದ ಅಮೆರಿಕದ ಅಲಬಾಮಾದಲ್ಲೇ ಇರುವವರು, ಎಲ್ಲರೂ ಒಟ್ಟಿಗೆ.

ಆಮೇಲೆ, ಟಿಕ್ ಹಾಕಿದ್ದು ಯಾರು ಅಂತ ಹುಡುಕಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಆದರೆ ಸುದ್ದಿಯಲ್ಲಿ ಇದು ಬರುವುದೇ ಇಲ್ಲ. ಜನಗಣತಿಯಲ್ಲಿ ಮನೆಯವರೇ ತಮ್ಮ ಜನಾಂಗ ಹೇಳುತ್ತಾರೆ. ಕ್ಯಾನ್ಸರ್ ನೋಂದಣಿಯವರು ಆಸ್ಪತ್ರೆ ಕಡತದಲ್ಲಿದ್ದದ್ದನ್ನು ಬರೆದುಕೊಳ್ಳುತ್ತಾರೆ. ಅಮೆರಿಕದ ಮರಣಪತ್ರದಲ್ಲಿ ಅದನ್ನು ಸಾಮಾನ್ಯವಾಗಿ ತುಂಬುವುದು ಅಂತ್ಯಕ್ರಿಯೆ ನಡೆಸುವವರು. ಕಾಯಿಲೆಯವರ ಎಣಿಕೆ ಒಂದು ಕಡೆಯಿಂದ, ಒಟ್ಟು ಜನರ ಎಣಿಕೆ ಇನ್ನೊಂದು ಕಡೆಯಿಂದ ಬಂದರೆ ಭಾಗಾಕಾರವೇ ಎಡವಟ್ಟಾಗುತ್ತದೆ, ಅಲ್ವಾ? ಅಮೆರಿಕದ ಮೂಲನಿವಾಸಿಗಳಿಗೆ ಆಗಿದ್ದು ಇದೇ. ಎಷ್ಟೋ ಜನ ಕಡತದಲ್ಲಿ ‘ಬಿಳಿಯ’ ಆಗಿಬಿಟ್ಟಿದ್ದರು. ಅವರಿಗೆಂದೇ ಇರುವ ಸರ್ಕಾರಿ ಆರೋಗ್ಯ ಸೇವೆಯ ಪಟ್ಟಿ ಜೊತೆ ತಾಳೆ ನೋಡಿದಾಗ ಅವರ ಕ್ಯಾನ್ಸರ್ ದರ ಮೊದಲಿಗಿಂತ ಜಾಸ್ತಿ ಕಂಡಿತು. ಹೆಸರು ನೋಡಿ ಮೂಲ ಊಹಿಸುವ ಪದ್ಧತಿಯೂ ಇದೆ. ನಮ್ಮ ಮಂಗಳೂರಿನ ಡಿಸೋಜಾ, ಪಿಂಟೋ ಅವರನ್ನು ಅದು ಯಾವ ದೇಶಕ್ಕೆ ಕಳಿಸೀತು, ನೀವೇ ಯೋಚಿಸಿ.

ಹಳೆಯ ಅಂಕಿಗಳಿದ್ದರೆ ಇಸವಿ ನೋಡಿ. 1970ರ ಅಮೆರಿಕನ್ ಜನಗಣತಿಯಲ್ಲಿ ಭಾರತೀಯರು ಬಿಳಿಯರ ಲೆಕ್ಕ. 1980ರಲ್ಲಿ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಖಾನೆ ಬಂತು. ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಬಹುದು ಅಂತಾದದ್ದು 2000ದಲ್ಲಿ.

ಇನ್ನು ಕಾರಣದ ಮಾತು. ಅಮೆರಿಕದಲ್ಲಿ ಈ ಕ್ಯಾನ್ಸರಿನಿಂದ ಕಪ್ಪು ಗಂಡಸರು ಸಾಯುವ ದರ ಬಿಳಿಯರ ಸುಮಾರು ಎರಡು ಪಟ್ಟು. ಇದನ್ನು ಓದಿದ ಕೂಡಲೇ ‘ರಕ್ತದಲ್ಲೇ ಇದೆ’ ಅನ್ನುವವರು ಜಾಸ್ತಿ. 8ನೇ ವರ್ಣತಂತುವಿನಲ್ಲಿ ಆಫ್ರಿಕನ್ ಮೂಲದವರಲ್ಲೇ ಹೆಚ್ಚಾಗಿ ಕಾಣುವ, ಅಪಾಯ ಏರಿಸುವ ಬದಲಾವಣೆಗಳು ಸಿಕ್ಕಿರುವುದು ನಿಜ. ಆದರೆ 2019ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದರಲ್ಲಿ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಚಿಕಿತ್ಸೆ ಸಿಗುವ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಪತ್ತೆಯಾದ ಮೇಲಿನ ಸಾವಿನಲ್ಲಿ ಕಪ್ಪು ರೋಗಿಗಳಿಗೆ ಆ ಹಿನ್ನಡೆ ಕಾಣಲಿಲ್ಲ. ಹಾಗಾಗಿ ಲೇಖಕರು ನಿಜವಾಗಿ ಜೀನ್ ಅಳೆದರಾ, ಇಲ್ಲ ಫಾರ್ಮಿನ ಟಿಕ್ ನೋಡಿ ಜೀನ್ ಬಗ್ಗೆ ಮಾತಾಡಿದರಾ ಅಂತ ಕೇಳಿ. ವಿಮೆ, ಪಿಎಸ್‌ಎ ಪರೀಕ್ಷೆ (ಈ ಕ್ಯಾನ್ಸರಿನ ಸುಳಿವು ಹುಡುಕುವ ರಕ್ತಪರೀಕ್ಷೆ) ಮಾಡಿಸಿಕೊಳ್ಳುವ ರೂಢಿ, ಇವನ್ನು ಲೆಕ್ಕಕ್ಕೆ ತೆಗೆದುಕೊಂಡರಾ ಅಂತಲೂ ಕೇಳಿ. ಪರೀಕ್ಷೆ ಜಾಸ್ತಿ ಆದ ಕಡೆ ಕೇಸೂ ಜಾಸ್ತಿ ಸಿಗುತ್ತವೆ.

ಇಷ್ಟೆಲ್ಲ ನೋಡಿ ಇಬ್ಬರಿಗೂ ನಾನು ಕೇಳಿದ್ದು ಒಂದೇ: ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ? ಅಪ್ಪನಿಗೋ ಅಣ್ಣತಮ್ಮನಿಗೋ ಇದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ತಮ್ಮನ ಅಪ್ಪ, ಅಂದರೆ ನನ್ನ ಚಿಕ್ಕಪ್ಪ, ಇದೇ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಂಡವರು. ‘ಏಷ್ಯನ್’ ಅಂತ ಸುಮ್ನೆ ಕೂರಬೇಡ, ಇದನ್ನು ಡಾಕ್ಟರಿಗೆ ಹೇಳಿ ಪಿಎಸ್‌ಎ ಬಗ್ಗೆ ಕೇಳು ಅಂದೆ.