ಎಲೈಜಾಗೆ ‘ನೀವು’ ಅಂದವರು ಯಾರು?

ಮೊದಲ ತಾಲೀಮಿಗೇ ಜಗಳ ಆಯಿತು.

ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕವನ್ನು ನಮ್ಮ ಬ್ಯಾಂಕಿನ ಹವ್ಯಾಸಿ ತಂಡಕ್ಕೆಂದು ನಾನೇ ಕನ್ನಡ ಮಾಡಿದ್ದೆ. ಊರು ಲಂಡನ್ನೇ, ಹೆಸರುಗಳೂ ಅವೇ. ಮಾತು ಮಾತ್ರ ನಮ್ಮದು. ಕವೆಂಟ್ ಗಾರ್ಡನ್‌ನಲ್ಲಿ ಹೂ ಮಾರುವ ಎಲೈಜಾಳದು ಕಾಕ್ನಿ, ಲಂಡನ್ನಿನ ದುಡಿಯುವ ಜನರ ಆಡುಮಾತು. ‘ಹ’ಕಾರ ನುಂಗುವುದೇ ಅದರ ಗುರುತು. ನಮ್ಮಲ್ಲೂ ಹಾಲು ‘ಆಲು’ ಆಗುತ್ತೆ, ಹಕ್ಕಿ ‘ಅಕ್ಕಿ’ ಆಗುತ್ತೆ. ಇಷ್ಟು ಸಲೀಸಾಗಿ ಹೊಂದುವ ಅನುವಾದ ಎಲ್ಲಿ ಸಿಗುತ್ತೆ ಅಂತ ಬೀಗಿದ್ದೆ.

ಎಲೈಜಾ ಪಾತ್ರದ ಹುಡುಗಿ ಮಂಡ್ಯ ಕಡೆಯವಳು. ಎರಡು ಪುಟ ಓದಿ ಹಾಳೆ ಮಡಚಿಟ್ಟಳು. “ಸರ್, ನಮ್ಮಜ್ಜಿ ಹೀಗೇ ಮಾತಾಡ್ತಿದ್ರು. ಜನ ಯಾರನ್ನ ನೋಡಿ ನಗ್ಲಿ ಅಂತ ಬರ್ದಿದ್ದೀರಿ?”

ಆ ರಾತ್ರಿ ಮತ್ತೆ ಮೂಲ ತೆಗೆದು ಕೂತೆ. ಎಲೈಜಾ ಉಚ್ಚಾರಣೆ ಕಲಿಸುವ ಪ್ರೊಫೆಸರ್ ಹಿಗ್ಗಿನ್ಸ್‌ನ ಮನೆಗೆ ಭಿಕ್ಷೆಗೆ ಬಂದವಳಲ್ಲ. ಹೂವಿನ ಅಂಗಡಿಯಲ್ಲಿ ಕೆಲಸ ಸಿಗಬೇಕು, ಅದಕ್ಕೆ ಮಾತು ಕಲಿಸಿ, ಪಾಠಕ್ಕೆ ಒಂದು ಶಿಲಿಂಗ್ ಕೊಡ್ತೀನಿ ಅಂತಾಳೆ. ಅವಳ ಗಳಿಕೆಗೆ ಅದು ದೊಡ್ಡ ದುಡ್ಡು. ಆರು ತಿಂಗಳಲ್ಲಿ ಇವಳನ್ನು ಡಚೆಸ್, ಅಂದರೆ ದೊಡ್ಡ ಮನೆತನದ ಹೆಂಗಸು, ಮಾಡಿಬಿಡ್ತೀನಿ ಅನ್ನುವ ಪಂದ್ಯ ಗಂಡಸರದ್ದು, ಹಿಗ್ಗಿನ್ಸ್ ಮತ್ತು ಅವನ ಗೆಳೆಯ ಕರ್ನಲ್ ಪಿಕರಿಂಗ್‌ದು. ನಗು ಬೀಳಬೇಕಾದದ್ದು ಇವರ ಮೇಲೆ.

ಮೊದಲ ಅಂಕದ ‘ಆಲು’ಗಳನ್ನು ಅರ್ಧಕ್ಕರ್ಧ ತೆಗೆದೆ. ಮೂರನೇ ಅಂಕಕ್ಕೆ ಒತ್ತು ಕೊಟ್ಟೆ. ಹಿಗ್ಗಿನ್ಸ್ ತಾಯಿಯ ಮನೆಯ ಚಹಾಕೂಟ ಅದು. ಎಲೈಜಾಳ ಉಚ್ಚಾರಣೆ ಅಚ್ಚುಕಟ್ಟು, ಹೇಳುವುದು ಮಾತ್ರ ಕೇರಿಯ ಸುದ್ದಿ. ಅತ್ತೆ ಇನ್‌ಫ್ಲುಯೆಂಜಾದಿಂದ ಸತ್ತಳಂತೆ, ಆದರೆ ಯಾರೋ ಮುಗಿಸಿಬಿಟ್ಟರು ಅನ್ನೋದು ಇವಳ ಗುಮಾನಿ. ಹೊರಡುವಾಗ ಬರುವ ‘ಬ್ಲಡಿ’ 1914ರ ಲಂಡನ್ನಿನಲ್ಲಿ ದೊಡ್ಡ ಗುಲ್ಲೆಬ್ಬಿಸಿತ್ತು. ಕನ್ನಡದಲ್ಲಿ ಎಷ್ಟೋ ಬೈಗುಳ ಹಾಕಿ ನೋಡಿದೆವು, ಎಲ್ಲವೂ ತೀರಾ ಹೊಲಸಾದವು. ಕೊನೆಗೆ “ನಡ್ಕೊಂಡಾ? ನನ್ನ ಪಿಂಡ! ಟ್ಯಾಕ್ಸೀಲಿ ಹೋಗ್ತೀನಿ” ನಿಂತಿತು. ಚಹಾ ಕಪ್ಪಿನ ಮುಂದೆ ಪಿಂಡ ಅಂದರೆ ಸಾಕಲ್ವಾ!

ನಿಜವಾದ ಪೇಚು ಬೇರೆ ಇತ್ತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ನಾನು ಪ್ರತಿ ಸಾಲಿಗೂ ನೀನು ಅಥವಾ ನೀವು ಅಂತ ತೀರ್ಮಾನ ಮಾಡಬೇಕು. ಕರ್ನಲ್ ಪಿಕರಿಂಗ್ ಸುಲಭ. ಎಲೈಜಾ ಹಿಗ್ಗಿನ್ಸ್ ಮನೆಗೆ ಬಂದ ಮೊದಲ ದಿನವೇ ಅವಳನ್ನು ‘ಮಿಸ್ ಡೂಲಿಟಲ್’ ಅಂತ ಕರೆಯುತ್ತಾನೆ. ಹೂ ಮಾರುವವಳಿಗೂ ಲೇಡಿಗೂ ಇರುವ ವ್ಯತ್ಯಾಸ ಅವಳು ನಡೆದುಕೊಳ್ಳುವುದರಲ್ಲಿಲ್ಲ, ಅವಳನ್ನು ನಡೆಸಿಕೊಳ್ಳುವುದರಲ್ಲಿದೆ ಅಂತ ಎಲೈಜಾ ಹೇಳುವುದು ಅದನ್ನು ನೆನೆದೇ. ಹಾಗಾಗಿ ಮಳೆಯಲ್ಲಿ ನೆನೆದ ಮೊದಲ ದೃಶ್ಯದಿಂದಲೇ ಅವನ ಬಾಯಲ್ಲಿ ‘ನೀವು’ ಇಟ್ಟೆ.

ಹಿಗ್ಗಿನ್ಸ್ ಎಲೈಜಾಗೆ ‘ನೀನು’, ತಾಯಿಯ ಮನೆಗೆ ಬಂದ ಹೆಂಗಸರಿಗೆ ‘ನೀವು’. ಸುಮ್ನೆ ಕೈಗೆ ಬಂದ ಹಾಗೆ ಬರೆದಿದ್ದೆ. ಐದನೇ ಅಂಕದಲ್ಲಿ ಸಿಕ್ಕಿಬಿದ್ದೆ. ಅಲ್ಲಿ ಅವನು, ನನಗೆ ಎಲ್ಲರೂ ಒಂದೇ, ಡಚೆಸ್ ಆದರೂ ಹೂ ಮಾರುವವಳಾದರೂ ಅದೇ ನಡವಳಿಕೆ ಅಂತ ಕೊಚ್ಚಿಕೊಳ್ಳುತ್ತಾನೆ. ಇಂಗ್ಲಿಷಿನ ‘ಯೂ’ ಹಿಂದೆ ಆ ಮಾತು ಬಚ್ಚಿಟ್ಟುಕೊಳ್ಳಬಹುದು. ಕನ್ನಡದಲ್ಲಿ ಎರಡು ಗಂಟೆಯಿಂದ ಜನ ಲೆಕ್ಕ ಇಟ್ಟಿರುತ್ತಾರೆ. ಎಲ್ಲ ತಿದ್ದಿ ‘ನೀನು’ ಮಾಡೋಣ ಅಂತ ಪೆನ್ನು ತೆಗೆದೆ. ಆಮೇಲೆ ಬಿಟ್ಟೆ. ಸುಳ್ಳು ಸಿಕ್ಕಿಬೀಳಲಿ. ಪ್ರದರ್ಶನದ ದಿನ ಜೋರು ನಗು ಬಂದದ್ದು ಅಲ್ಲೇ. ಹಿಗ್ಗಿನ್ಸ್ ಪಾತ್ರಧಾರಿ, ನಮ್ಮ ಕ್ಯಾಶಿಯರ್, ತನ್ನ ಮೀಸೆ ಕಿತ್ತುಬಂತು ಅಂದುಕೊಂಡು ಮುಟ್ಟಿ ನೋಡಿಕೊಂಡ.

ಕೊನೆಯಲ್ಲಿ ಅವನು ಎಂಟನೇ ಸೈಜಿನ ಗ್ಲೌಸ್ ತಂದುಕೊಡು ಅಂತಾನೆ. “ನೀವೇ ತಗೊಳ್ಳಿ” ಅಂತ ಎಲೈಜಾ ಹೊರಡಬೇಕು. ನಮ್ಮ ಹುಡುಗಿ ತಿರುಗಿ ನಿಂತು “ನೀನೇ ತಗೋ” ಅಂದಳು. ತಾಲೀಮಿನಲ್ಲಿ ಒಮ್ಮೆಯೂ ಹಾಗೆ ಅಂದಿರಲಿಲ್ಲ. ಹಿಗ್ಗಿನ್ಸ್ ನಕ್ಕ ಮೇಲೆ ಪರದೆ ಬೀಳಬೇಕು ಅಂತ ಹೇಳಿಟ್ಟಿದ್ದೆ. ಕ್ಯಾಶಿಯರ್ ನಗಲೇ ಇಲ್ಲ, ಬಾಯಿ ತೆರೆದುಕೊಂಡು ನಿಂತಿದ್ದ. ಪರದೆಯವನು ಹಗ್ಗ ಹಿಡಿದು ನನ್ನ ಮುಖ ನೋಡುತ್ತಿದ್ದ. ಎಳೆಯಪ್ಪಾ ಅಂತ ಕೈ ಮಾಡಿದೆ.