ಸಿರೋಸಿಸ್ ರೋಗಿಯ ಊಟ: ಪಥ್ಯದ ಪಟ್ಟಿಗೆ ಮುಂಚೆ ಗಡಿಯಾರ

ಲಿವರ್ ವಾರ್ಡಿನಲ್ಲಿ ಡಯಟಿಷಿಯನ್ ಆಗಿರುವ ನಾನು ಹೊಸ ರೋಗಿಯನ್ನು ಮೊದಲು ಕೇಳುವುದು ಗಂಟೆಯ ಲೆಕ್ಕ. ರಾತ್ರಿ ಊಟ ಎಷ್ಟು ಹೊತ್ತಿಗೆ? ಬೆಳಿಗ್ಗೆ ತಿಂಡಿ ಎಷ್ಟು ಹೊತ್ತಿಗೆ? ಎಂಟಕ್ಕೆ ಊಟ, ಒಂಬತ್ತಕ್ಕೆ ತಿಂಡಿ ಅಂದರೆ 13 ಗಂಟೆ ಹೊಟ್ಟೆ ಖಾಲಿ.

ಆರೋಗ್ಯವಾಗಿರುವವರಿಗೆ ಇದು ದೊಡ್ಡ ವಿಷಯವೇ ಅಲ್ಲ. ಲಿವರ್ ಕೂಡಿಟ್ಟುಕೊಂಡ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ರಾತ್ರಿ ಸಾಗಿಸುತ್ತದೆ. ಸಿರೋಸಿಸ್ ಆದ, ಅಂದರೆ ಗಾಯದ ಕಲೆ ತುಂಬಿ ಗಟ್ಟಿಯಾದ ಲಿವರ್‌ನಲ್ಲಿ ಆ ದಾಸ್ತಾನು ಕಮ್ಮಿ. ಅದು ಮುಗಿದರೆ ದೇಹ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತದೆ. ಇವರ ಒಂದು ರಾತ್ರಿಯ ಉಪವಾಸ ಉಳಿದವರ ಎರಡು ಮೂರು ದಿನದ ಉಪವಾಸಕ್ಕೆ ಸಮ ಅಂತ 1983ರಲ್ಲೇ ಗೊತ್ತಾಗಿತ್ತು. 2008ರಲ್ಲಿ ನ್ಯೂಜಿಲೆಂಡ್‌ನ ಸಂಶೋಧಕರು ಒಂದೇ ಪೂರಕ ಆಹಾರವನ್ನು ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ ಕೊಟ್ಟು ನೋಡಿದರು. ವರ್ಷದ ಕೊನೆಗೆ ದೇಹದ ಪ್ರೋಟೀನ್ ಹೆಚ್ಚಿದ್ದು ರಾತ್ರಿ ತಿಂದವರಲ್ಲಿ. ಕ್ಯಾಲೊರಿ ಎರಡೂ ಕಡೆ ಅಷ್ಟೇ!

ಹಾಗಾಗಿ ನನ್ನ ಚಾರ್ಟ್ ಶುರುವಾಗುವುದೇ ಮಲಗುವ ಹೊತ್ತಿನಿಂದ. ಒಂದು ಲೋಟ ಹಾಲು, ಎರಡು ಸ್ಲೈಸ್ ಬ್ರೆಡ್, ಒಂದು ಬಾಳೆಹಣ್ಣು. ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಆಯಿತು. "ಮೇಡಂ, ಮಲಗೋ ಮುಂಚೆ ತಿಂದ್ರೆ ಲಿವರ್‌ಗೆ ಭಾರ ಆಗಲ್ವಾ?" ಅಂತ ಮನೆಯವರು ಕೇಳುತ್ತಾರೆ. ಭಾರ ಆಗುವುದು ಖಾಲಿ ಹೊಟ್ಟೆ ಅಂತ ಹೇಳಿ, ತಟ್ಟೆಯನ್ನು ಮಂಚದ ಪಕ್ಕದಲ್ಲೇ ಮುಚ್ಚಿಡಿ ಅನ್ನುತ್ತೇನೆ. ರಾತ್ರಿ ಹೊತ್ತು ಎದ್ದು ಅಡುಗೆಮನೆಗೆ ಹೋಗು ಅಂದರೆ ಯಾರೂ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಆ ತಿಂಡಿಯನ್ನು ಬಿಡಿಸುವುದಿಲ್ಲ. ಏನು ತಿನ್ನಬೇಕು ಅನ್ನುವುದನ್ನು ಬದಲಿಸುತ್ತೇನೆ, ಔಷಧಿಯ ಡೋಸ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡುತ್ತೇನೆ.

ಇನ್ನು ಪ್ರೋಟೀನ್. ಒಬ್ಬರ ಮಗ ನಾಲ್ಕು ಮಡಿಕೆ ಮಾಡಿದ ಹಳೆಯ ಪಥ್ಯದ ಚೀಟಿ ತೆಗೆದು ತೋರಿಸಿದ. ಬೇಳೆ, ಮೊಟ್ಟೆ, ಹಾಲು, ಎಲ್ಲದರ ಮೇಲೂ ಕೆಂಪು ಗೀಟು. ಅಪ್ಪನ ಹೊಟ್ಟೆ ನೀರು ತುಂಬಿ ಉಬ್ಬಿತ್ತು, ತೋಳು ಮಾತ್ರ ನನ್ನ ಹೆಬ್ಬೆರಳು ಮತ್ತು ನಡುಬೆರಳಿನ ಹಿಡಿತಕ್ಕೆ ಸಿಗುವಷ್ಟು ಸಣ್ಣ. ಪ್ರೋಟೀನ್‌ನಿಂದ ಹುಟ್ಟುವ ಅಮೋನಿಯಾ ರಕ್ತದಲ್ಲಿ ಏರಿ ಮಂಪರು (ಲಿವರ್ ಸೋತಾಗ ಮೆದುಳು ಮಂಕಾಗುವುದು) ಬರುತ್ತದೆ ಎಂಬ ಭಯಕ್ಕೆ ಹಿಂದೆ ಹೀಗೆ ಬರೆಯುತ್ತಿದ್ದರು. 2004ರಲ್ಲಿ ಬಾರ್ಸಿಲೋನಾದ ತಂಡವೊಂದು ಮಂಪರು ಬಂದ ರೋಗಿಗಳಲ್ಲೇ ಪರೀಕ್ಷಿಸಿತು. ಪ್ರೋಟೀನ್ ಕಡಿತದಿಂದ ಲಾಭವೇನೂ ಕಾಣಲಿಲ್ಲ, ದೇಹದ ಪ್ರೋಟೀನ್ ಒಡೆಯುವುದು ಮಾತ್ರ ಜಾಸ್ತಿಯಾಗಿತ್ತು. ಲಿವರ್ ಸೋತಾಗ ಅಮೋನಿಯಾವನ್ನು ಹಿಡಿದಿಡುವುದು ಮಾಂಸಖಂಡ. ಅದನ್ನೇ ಕರಗಿಸಿದರೆ ಮಂಪರು ಹತ್ತಿರವಾಗುತ್ತದೆ ಅಲ್ವಾ? ಈಗಿನ ಮಾರ್ಗಸೂಚಿಗಳು ಹೇಳುವುದು ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ. ನಾನು ಹೆಚ್ಚಾಗಿ ಹಾಲು, ಮೊಸರು, ಬೇಳೆಕಾಳುಗಳಿಂದ ತುಂಬಿಸುತ್ತೇನೆ. ಅವು ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತವೆ, ಕಾಳಿನಲ್ಲಿ ನಾರೂ ಇದೆ.

ಆದರೆ ಯಾವ ತೂಕಕ್ಕೆ ಲೆಕ್ಕ ಹಾಕುವುದು? ತಕ್ಕಡಿ ತೋರಿಸುವುದರಲ್ಲಿ ನೀರೂ ಸೇರಿದೆ. ಹೊಟ್ಟೆಯಲ್ಲಿ ಸ್ವಲ್ಪ ನೀರಿದ್ದರೆ ಶೇ. 5, ಮಧ್ಯಮವಾಗಿದ್ದರೆ 10, ತುಂಬಾ ಇದ್ದರೆ 15, ಕಾಲೂ ಊದಿದ್ದರೆ ಮತ್ತೆ 5 ಕಳೆಯುತ್ತೇನೆ. ಇದು ಅಂದಾಜು. ಮಾಂಸಖಂಡ ಎಷ್ಟು ಉಳಿದಿದೆ ಅಂತ ತಿಳಿಯಲು ತೂಕಕ್ಕಿಂತ ಕೈಯ ಹಿಡಿತದ ಬಲ ಅಳೆಯುವುದು, ಕೈ ಊರದೆ ಕುರ್ಚಿಯಿಂದ ಐದು ಸಲ ಏಳಿಸಿ ಸಮಯ ನೋಡುವುದು, ಇವುಗಳ ಮೇಲೆ ನನಗೆ ಹೆಚ್ಚು ನಂಬಿಕೆ. ಈಚಿನ ಸಂಶೋಧನೆಯ ಒಲವೂ ಇದೇ ಕಡೆ.

ಉಪ್ಪು ದಿನಕ್ಕೆ 5 ಗ್ರಾಂ ಸುತ್ತಮುತ್ತ. ತೀರಾ ಸಪ್ಪೆ ಮಾಡಿದರೆ ರೋಗಿ ಊಟವನ್ನೇ ಬಿಡುತ್ತಾರೆ. ಅದಕ್ಕಿಂತ ಒಂದು ಚಿಟಿಕೆ ಜಾಸ್ತಿಯೇ ವಾಸಿ ಅಂತ ನನ್ನ ಅಭಿಪ್ರಾಯ. ಕವಲು ಸರಪಳಿಯ ಅಮೈನೋ ಆಮ್ಲಗಳ (BCAA, ಪ್ರೋಟೀನ್ ಕಟ್ಟುವ ಕೆಲವು ತುಣುಕುಗಳು) ಪುಡಿಯನ್ನು ಎಲ್ಲರಿಗೂ ಬರೆಯುವುದಿಲ್ಲ. ಮಂಪರಿಗೆ ಅದು ಸ್ವಲ್ಪ ಸಹಾಯ ಮಾಡುತ್ತದೆ, ಆಯಸ್ಸು ಹೆಚ್ಚಿಸಿದ್ದಕ್ಕೆ ಪುರಾವೆ ಸಿಕ್ಕಿಲ್ಲ.

ನನ್ನ ಜಗಳ ಈಗ ಆಸ್ಪತ್ರೆಯೊಳಗೇ. ಎಂಡೋಸ್ಕೋಪಿಗೆಂದು ರಾತ್ರಿಯಿಂದ ಉಪವಾಸ ಇಡುತ್ತಾರೆ, ಸರದಿ ಬರುವಾಗ ಮಧ್ಯಾಹ್ನ, ಕೆಲವೊಮ್ಮೆ ನಾಳೆಗೆ ಮುಂದಕ್ಕೆ. ಹಿಂದಿನ ಸಂಜೆಯೇ ಪಟ್ಟಿ ನೋಡಿ, ಸಿರೋಸಿಸ್ ರೋಗಿಗಳನ್ನು ಬೆಳಗಿನ ಮೊದಲ ಸರದಿಗೆ ಹಾಕಿ ಅಂತ ಕೇಳುತ್ತೇನೆ. ಆಗದಿದ್ದರೆ ಎಷ್ಟು ಗಂಟೆಯವರೆಗೆ ತಿನ್ನಬಹುದು ಅಂತ ಬರೆಸಿಕೊಂಡು ನರ್ಸ್ ಕೈಗೆ ಕೊಡುತ್ತೇನೆ.